ಅಡುಗೆಮನೆಯಿಂದ ಪ್ರಿಂಟ್ ಬರುತ್ತೆ, ಮಹಡಿಯಿಂದ ಬರಲ್ಲ: ಒಂದು ಮನೆ ನೆಟ್‌ವರ್ಕ್‌ನ ಪ್ರಕರಣ

ನಮ್ಮ ಅಕ್ಕನ ಮನೆ ಶಿವಮೊಗ್ಗದಲ್ಲಿದೆ. ಅಕ್ಕ ಹದಿನೈದು ವರ್ಷದಿಂದ ಕನ್ನಡ ಡಿಟಿಪಿ ಕೆಲಸ ಮಾಡುತ್ತಾಳೆ. ಸಣ್ಣ ಪ್ರಕಾಶಕರ ಪುಸ್ತಕ, ಪಿಎಚ್‌ಡಿ ಪ್ರಬಂಧ, ಮದುವೆ ಕರೆಯೋಲೆ ಎಲ್ಲ ಅವಳ ಕೈಯಲ್ಲಿ ಸಿದ್ಧವಾಗುತ್ತವೆ. ಇಷ್ಟು ವರ್ಷದ ಫೈಲುಗಳೆಲ್ಲ ಕೆಳಗಿನ ಕೋಣೆಯ ಹಳೆ ಡೆಸ್ಕ್‌ಟಾಪ್‌ನಲ್ಲಿವೆ. ಅದರಲ್ಲಿ ವಿಂಡೋಸ್ 10 ಇದೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲು ಬೆಂಬಲ ಮುಗಿಯಿತು. ಆ ಡೆಸ್ಕ್‌ಟಾಪ್‌ನ ಪ್ರೊಸೆಸರ್ ಹಳೆಯದು, ವಿಂಡೋಸ್ 11 ಹಾಕಲು ಬರುವುದಿಲ್ಲ. ಹಾಗಾಗಿ ಅಕ್ಕ ವಿಂಡೋಸ್ 11 ಇರುವ ಹೊಸ ಲ್ಯಾಪ್‌ಟಾಪ್ ಕೊಂಡಳು. ಹೊಸ ಕೆಲಸವನ್ನು ಮಹಡಿಯ ಕೋಣೆಯಲ್ಲಿ ಕೂತು ಲ್ಯಾಪ್‌ಟಾಪ್‌ನಲ್ಲಿ ಮಾಡುವುದು, ಹಳೆ ಫೈಲು ಬೇಕಾದಾಗ ಡೆಸ್ಕ್‌ಟಾಪ್‌ನಿಂದ ತೆಗೆದುಕೊಳ್ಳುವುದು, ಪ್ರೂಫನ್ನು ಕೆಳಗಿನ ವೈಫೈ ಪ್ರಿಂಟರಿಗೆ ಕಳಿಸುವುದು ಅವಳ ಯೋಜನೆ.

ಯೋಜನೆ ಮೊದಲ ದಿನವೇ ಕೆಟ್ಟಿತು. ಲ್ಯಾಪ್‌ಟಾಪ್‌ನಲ್ಲಿ ಇಂಟರ್ನೆಟ್ ಚೆನ್ನಾಗಿ ಓಡುತ್ತಿತ್ತು. ಆದರೆ ಫೈಲ್ ಎಕ್ಸ್‌ಪ್ಲೋರರ್‌ನಲ್ಲಿ 'ನೆಟ್‌ವರ್ಕ್' ಒತ್ತಿದರೆ ಖಾಲಿ. ಡೆಸ್ಕ್‌ಟಾಪ್ ಇಲ್ಲ, ಪ್ರಿಂಟರ್ ಇಲ್ಲ, ಹಾಲ್‌ನ ಟಿವಿಯೂ ಇಲ್ಲ. ಅಕ್ಕ ಮೂರು ವಾರ ಪೆನ್‌ಡ್ರೈವ್ ಹಿಡಿದು ಮೆಟ್ಟಿಲು ಹತ್ತಿ ಇಳಿದಳು. ಅವಳಿಗೆ ಮಂಡಿ ನೋವಿದೆ. ಅದನ್ನು ಕೇಳಿ ಒಂದು ಶನಿವಾರ ನಾನೇ ಹೋದೆ.

ಅಷ್ಟರೊಳಗೆ ಆಗಿದ್ದ ಪ್ರಯತ್ನಗಳು

ನಾನು ಹೋಗುವ ಮುಂಚೆ ಬೇಕಾದಷ್ಟು ಪ್ರಯತ್ನ ನಡೆದಿತ್ತು. ಎಲ್ಲ ಯಂತ್ರಗಳನ್ನೂ ಆಫ್ ಮಾಡಿ ಆನ್ ಮಾಡಿದ್ದರು. ಪ್ರಿಂಟರ್ ಡ್ರೈವರನ್ನು ಎರಡು ಸಲ ತೆಗೆದು ಹಾಕಿದ್ದರು. ಅಕ್ಕನ ಮಗ ಡೆಸ್ಕ್‌ಟಾಪ್‌ನಲ್ಲಿ 'ಪಾಸ್‌ವರ್ಡ್ ಇಲ್ಲದೆ ಹಂಚಿಕೆ' ಆನ್ ಮಾಡಿದ್ದ. ಪರಿಚಯದ ಹುಡುಗನೊಬ್ಬ ಬಂದು ಎರಡೂ ಕಂಪ್ಯೂಟರಿನಲ್ಲಿ ಎಸ್‌ಎಂಬಿ 1 ಎಂಬುದನ್ನು ಚಾಲೂ ಮಾಡಿ, ಹೊರಗಿನವರು ಒಳಗೆ ಬರದಂತೆ ತಡೆಯುವ ಲ್ಯಾಪ್‌ಟಾಪ್‌ನ ಫೈರ್‌ವಾಲನ್ನು ಪೂರ್ತಿ ಆಫ್ ಮಾಡಿ ಹೋಗಿದ್ದ. ಏನೂ ಬದಲಾಗಿರಲಿಲ್ಲ. ಅಪಾಯ ಮಾತ್ರ ಜಾಸ್ತಿ ಆಗಿತ್ತು.

ನಾನು ಮೊದಲು ಮಾಡಿದ ಕೆಲಸ ಫೈರ್‌ವಾಲನ್ನು ಮತ್ತೆ ಆನ್ ಮಾಡಿದ್ದು. ಎರಡನೆಯದು ಎಸ್‌ಎಂಬಿ 1 ತೆಗೆದಿದ್ದು. ಇದರ ಬಗ್ಗೆ ಸ್ವಲ್ಪ ಹೇಳಲೇಬೇಕು. ಯಾಕೆಂದರೆ ಈ ಸಲಹೆ ಇವತ್ತಿಗೂ ಬಾಯಿಂದ ಬಾಯಿಗೆ ಓಡಾಡುತ್ತಿದೆ.

ಕಂಪ್ಯೂಟರುಗಳು ಫೈಲು ಹಂಚಿಕೊಳ್ಳಲು ಮಾತಾಡುವ ಭಾಷೆಯ ತೀರಾ ಹಳೆಯ ರೂಪ ಎಸ್‌ಎಂಬಿ 1. 2017ರ ಮೇ ತಿಂಗಳಲ್ಲಿ ವನ್ನಾಕ್ರೈ ಎಂಬ ವೈರಸ್ ಹರಡಿದ್ದು ಅದರಲ್ಲಿದ್ದ ದೋಷದ ಮೂಲಕ. ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳ ಕೆಲಸವೇ ಅಸ್ತವ್ಯಸ್ತವಾಯಿತು. ಆ ದೋಷಕ್ಕೆ ಮೈಕ್ರೋಸಾಫ್ಟ್ ಮಾರ್ಚ್‌ನಲ್ಲೇ ತೇಪೆ ಕೊಟ್ಟಿತ್ತು, ಹಾಕಿಕೊಳ್ಳದವರು ಸಿಕ್ಕಿಬಿದ್ದರು. ಅದೇ ವರ್ಷದ ಕೊನೆಯ ಹೊತ್ತಿಗೆ ಬಂದ ವಿಂಡೋಸ್ 10ರ 1709 ಆವೃತ್ತಿಯಿಂದ, ಹೊಸದಾಗಿ ಹಾಕುವ ವಿಂಡೋಸ್‌ನಲ್ಲಿ ಎಸ್‌ಎಂಬಿ 1 ಬರುವುದು ನಿಂತಿತು.

ಹಾಗಾದರೆ ಆ ಹುಡುಗ ಸುಮ್ನೆ ಹೇಳಿದನೇ? ಇಲ್ಲ. ಹಿಂದೆ 'ನೆಟ್‌ವರ್ಕ್' ಪಟ್ಟಿಯನ್ನು ತಯಾರಿಸುತ್ತಿದ್ದ ಕಂಪ್ಯೂಟರ್ ಬ್ರೌಸರ್ ಎಂಬ ಸೇವೆ ಎಸ್‌ಎಂಬಿ 1ನ್ನೇ ನೆಚ್ಚಿಕೊಂಡಿತ್ತು. ಅದು ಹೋದಾಗ ಎಷ್ಟೋ ಮನೆಗಳಲ್ಲಿ ಪಟ್ಟಿಯೂ ಖಾಲಿಯಾಯಿತು. ಮತ್ತೆ ಹಾಕಿದವರಿಗೆ ಪಟ್ಟಿ ವಾಪಸ್ ಬಂತು. ಆ ನೆನಪೇ ಸಲಹೆಯಾಗಿ ಉಳಿದಿದೆ. ಈಗಿನ ವಿಂಡೋಸ್ ಪಟ್ಟಿ ಮಾಡುವ ರೀತಿಯೇ ಬೇರೆ. ಬೆಂಬಲ ಮುಗಿದ ಡೆಸ್ಕ್‌ಟಾಪ್ ಇರುವ ಮನೆಯಲ್ಲಂತೂ ಎಸ್‌ಎಂಬಿ 1 ಚಾಲೂ ಇಡುವುದು ಹಿತ್ತಿಲ ಬಾಗಿಲಿಗೆ ಚಿಲಕ ಹಾಕದೆ ಮಲಗಿದ ಹಾಗೆ. ವಿಂಡೋಸ್ ಫೀಚರ್ಸ್ ಪಟ್ಟಿಯಲ್ಲಿ ಅದರ ಗುರುತು ತೆಗೆದು ಎರಡನ್ನೂ ರೀಸ್ಟಾರ್ಟ್ ಮಾಡಿದೆ.

ಆಮೇಲೆ ಕಾಫಿ ಕುಡಿಯುತ್ತಾ ಅಕ್ಕನನ್ನು ಕೇಳಿದೆ, "ಒಂದು ಸಲವೂ ಏನೂ ಕಂಡಿಲ್ವಾ?"

ಅವಳು ಹೇಳಿದಳು, "ಲ್ಯಾಪ್‌ಟಾಪಲ್ಲಿ ಇಲ್ಲ. ಆದ್ರೆ ಮೊಬೈಲಿಂದ ಅಡುಗೆಮನೇಲಿ ನಿಂತು ಪ್ರಿಂಟ್ ಕೊಟ್ರೆ ಬರುತ್ತೆ. ಮೇಲೆ ಹೋಗಿ ಕೊಟ್ರೆ ಬರಲ್ಲ. ನಾನು ಹೇಳಿದ್ರೆ ಯಾರೂ ನಂಬಲ್ಲ."

ಮಗ, "ಮೇಲೆ ಸಿಗ್ನಲ್ ಕಮ್ಮಿ ಇರಬೇಕು" ಅಂದ. ಆದರೆ ಮೇಲಿನ ಕೋಣೆಯಲ್ಲಿ ವೈಫೈ ಪೂರ್ತಿ ಇತ್ತು. ಇಡೀ ಪ್ರಕರಣದ ಬೀಗದ ಕೈ ಅಕ್ಕನ ಆ ಎರಡು ವಾಕ್ಯದಲ್ಲೇ ಇತ್ತು. ಅದು ನನಗೆ ಗೊತ್ತಾಗಿದ್ದು ಒಂದು ಗಂಟೆ ಬಿಟ್ಟು.

ತಲುಪುತ್ತದೆಯೇ? ಕಾಣುತ್ತದೆಯೇ?

ಇಂಥ ತೊಂದರೆಯಲ್ಲಿ ಎರಡು ಪ್ರಶ್ನೆಗಳನ್ನು ಬೇರೆ ಬೇರೆ ಕೇಳಬೇಕು. ಒಂದು, ಈ ಯಂತ್ರ ಆ ಯಂತ್ರವನ್ನು ತಲುಪುತ್ತದೆಯೇ? ಇನ್ನೊಂದು, ಇದಕ್ಕೆ ಅದು ಕಾಣುತ್ತದೆಯೇ? ಎರಡೂ ಒಂದೇ ಅನ್ನಿಸುತ್ತದೆ, ಆದರೆ ಅಲ್ಲ. ನಿಮ್ಮ ಸ್ನೇಹಿತರ ಮನೆ ವಿಳಾಸ ಗೊತ್ತಿದ್ದರೆ ನೇರವಾಗಿ ಹೋಗಿ ಬಾಗಿಲು ತಟ್ಟಬಹುದು. ಗೊತ್ತಿಲ್ಲದಿದ್ದರೆ ಬೀದಿಯಲ್ಲಿ ನಿಂತು ಕೂಗಿ ಕೇಳಬೇಕು. ಬಾಗಿಲು ತಟ್ಟುವುದು ತಲುಪುವ ಕೆಲಸ. ಕೂಗಿ ಕೇಳುವುದು ಹುಡುಕುವ ಕೆಲಸ. 'ನೆಟ್‌ವರ್ಕ್' ಪಟ್ಟಿ ತುಂಬುವುದು ಈ ಕೂಗಿನಿಂದ.

ತಲುಪುತ್ತದೆಯೇ ಎಂದು ನೋಡಲು ಡೆಸ್ಕ್‌ಟಾಪ್‌ನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು 'ಐಪಿಕಾನ್ಫಿಗ್' ಕೊಟ್ಟೆ. ವಿಳಾಸ 192.168.1.20 ಎಂದು ಬಂತು. ಚೀಟಿಯಲ್ಲಿ ಬರೆದುಕೊಂಡು ಮೇಲೆ ಹೋಗಿ ಲ್ಯಾಪ್‌ಟಾಪ್‌ನಿಂದ ಆ ವಿಳಾಸಕ್ಕೆ 'ಪಿಂಗ್' ಮಾಡಿದೆ, ಅಂದರೆ 'ಇದ್ದೀಯಾ?' ಎಂದು ಕೇಳಿದೆ. ನಾಲ್ಕಕ್ಕೆ ನಾಲ್ಕೂ ಉತ್ತರ ಬಂದವು. ಫೈಲ್ ಎಕ್ಸ್‌ಪ್ಲೋರರ್‌ನ ವಿಳಾಸಪಟ್ಟಿಯಲ್ಲಿ ಎರಡು ಓರೆಗೆರೆ ಹಾಕಿ \\192.168.1.20 ಎಂದು ಬರೆದೆ. ಅಕ್ಕನ ಪುಸ್ತಕಗಳ ಫೋಲ್ಡರ್ ತೆರೆದುಕೊಂಡಿತು.

ಅಂದರೆ ದಾರಿ ಇದೆ, ಆದರೆ ಕಾಣುತ್ತಿಲ್ಲ. ಅಕ್ಕನಿಗೆ ಅಷ್ಟೇ ಸಾಕಾಗಿತ್ತು. ಮಗ ತಕ್ಷಣ ಆ ವಿಳಾಸಕ್ಕೆ ಒಂದು ಶಾರ್ಟ್‌ಕಟ್ ಮಾಡಿ ಲ್ಯಾಪ್‌ಟಾಪ್‌ನ ಪರದೆ ಮೇಲೆ ಇಟ್ಟ. ಆದರೆ ಪ್ರಿಂಟರ್ ಇನ್ನೂ ಸಿಕ್ಕಿರಲಿಲ್ಲ, ಕಾರಣವೂ ಗೊತ್ತಾಗಿರಲಿಲ್ಲ.

ಆಗ ಲ್ಯಾಪ್‌ಟಾಪ್‌ನ ವೈಫೈ ಗುಣಲಕ್ಷಣ ನೋಡಿದೆ. ನೆಟ್‌ವರ್ಕ್ ಪ್ರೊಫೈಲ್ 'ಪಬ್ಲಿಕ್' ಆಗಿತ್ತು. ಇದು ತೀರಾ ಸಾಮಾನ್ಯ. ವಿಂಡೋಸ್ 11 ಹೊಸ ವೈಫೈಗೆ ಸೇರಿದಾಗ ಅದನ್ನು ಬಸ್ ನಿಲ್ದಾಣದ ಅಥವಾ ಹೋಟೆಲಿನ ವೈಫೈ ಎಂದೇ ತಿಳಿದು 'ಪಬ್ಲಿಕ್' ಎಂದು ಇಡುತ್ತದೆ. ಆಗ ಲ್ಯಾಪ್‌ಟಾಪ್ ತಾನೂ ಕೂಗುವುದಿಲ್ಲ, ಬೇರೆಯವರ ಕೂಗಿಗೆ ಓಗೊಡುವುದೂ ಇಲ್ಲ. ಬಸ್ ನಿಲ್ದಾಣದಲ್ಲಿ ಅದು ಒಳ್ಳೆಯದು. ಮನೆಯಲ್ಲಿ ಅದನ್ನು 'ಪ್ರೈವೇಟ್' ಮಾಡಬೇಕು. ಸೆಟ್ಟಿಂಗ್ಸ್‌ನಲ್ಲಿ ನೆಟ್‌ವರ್ಕ್ ಮತ್ತು ಇಂಟರ್ನೆಟ್, ಅಲ್ಲಿ ವೈಫೈ, ಅಲ್ಲಿ ಸೇರಿರುವ ವೈಫೈನ ಗುಣಲಕ್ಷಣ, ಅಲ್ಲಿ ಪ್ರೈವೇಟ್. 'ನೆಟ್‌ವರ್ಕ್ ಡಿಸ್ಕವರಿ'ಯನ್ನೂ ಆನ್ ಮಾಡಿದೆ.

ಅರ್ಧದಷ್ಟು ಮನೆಗಳಲ್ಲಾದರೂ ಕಥೆ ಇಲ್ಲಿಗೇ ಮುಗಿಯುತ್ತದೆ ಎಂಬ ನಂಬಿಕೆ ನನ್ನದು. ಇಲ್ಲಿ ಮುಗಿಯಲಿಲ್ಲ. ಪಟ್ಟಿ ಹಾಗೇ ಖಾಲಿ.

ಕೆಳಗೆ ಹೋಗಿ ಡೆಸ್ಕ್‌ಟಾಪ್‌ನಿಂದ ಲ್ಯಾಪ್‌ಟಾಪ್‌ಗೆ ಪಿಂಗ್ ಮಾಡಿದೆ. ಉತ್ತರವಿಲ್ಲ. ಮೇಲಿಂದ ಕೆಳಕ್ಕೆ ದಾರಿ ಇದೆ, ಕೆಳಗಿಂದ ಮೇಲಕ್ಕೆ ಇಲ್ಲ. ಲ್ಯಾಪ್‌ಟಾಪ್‌ನ ಫೈರ್‌ವಾಲ್ ತಡೆಯುತ್ತಿದೆ ಎಂದುಕೊಂಡು ಅದರ ನಿಯಮಗಳನ್ನು ಒಂದೊಂದಾಗಿ ನೋಡುತ್ತಾ ಮುಕ್ಕಾಲು ಗಂಟೆ ಕಳೆದೆ. ಪಿಂಗ್‌ಗೆ ಉತ್ತರ ಬಂತು ಅಂದರೆ ಎರಡೂ ಒಂದೇ ನೆಟ್‌ವರ್ಕ್‌ನಲ್ಲಿವೆ ಎಂದು ನಾನು ಮನಸ್ಸಿನಲ್ಲಿ ತೀರ್ಮಾನಿಸಿಬಿಟ್ಟಿದ್ದೆ. ತಪ್ಪಾಗಿದ್ದು ಅಲ್ಲಿಯೇ.

ಮೂರನೆಯ ಅಂಕಿ

ಕೊನೆಗೆ ಎರಡು ಚೀಟಿಗಳನ್ನು ಅಕ್ಕಪಕ್ಕ ಇಟ್ಟು ನೋಡಿದೆ.

ಡೆಸ್ಕ್‌ಟಾಪ್ 192.168.1.20. ಲ್ಯಾಪ್‌ಟಾಪ್ 192.168.0.104.

ಮೂರನೆಯ ಅಂಕಿ ನೋಡಿ. ಒಂದರಲ್ಲಿ 1, ಇನ್ನೊಂದರಲ್ಲಿ 0. ಎರಡರಲ್ಲೂ ಸಬ್‌ನೆಟ್ ಮಾಸ್ಕ್ 255.255.255.0. ಹಾಗಿದ್ದಾಗ ಮೊದಲ ಮೂರು ಅಂಕಿ ಒಂದೇ ಆಗಿದ್ದರೆ ಮಾತ್ರ ಎರಡೂ ಒಂದೇ ನೆಟ್‌ವರ್ಕ್. ಇಲ್ಲಿ ಒಂದೇ ಮನೆಯಲ್ಲಿ ಎರಡು ನೆಟ್‌ವರ್ಕ್ ಇದ್ದವು.

ಹೇಗೆ ಅಂತ ಕೇಳಿದಾಗ ಅಕ್ಕನ ಮಗನಿಗೆ ನೆನಪಾಯಿತು. ಕೆಳಗೆ ಹಾಲ್‌ನಲ್ಲಿ ಫೈಬರ್ ಕಂಪನಿಯವರು ಹಾಕಿದ ಬಿಳಿ ಡಬ್ಬಿ ಇದೆ. ಅದೇ ಮೋಡೆಮ್, ಅದೇ ರೂಟರ್, ಅದೇ ವೈಫೈ. ಮೇಲಿನ ಕೋಣೆಗೆ ಸಿಗ್ನಲ್ ಬರುತ್ತಿರಲಿಲ್ಲ. ಆಗ ಅವರ ಹತ್ತಿರವೇ ಇದ್ದ ಹಳೆ ವೈಫೈ ರೂಟರನ್ನು ಮೇಲೆ ಇಟ್ಟು, ಕೆಳಗಿಂದ ಒಂದು ಕೇಬಲ್ ಎಳೆಸಿದ್ದರು. ಕೇಬಲ್ ಹಾಕಲು ಬಂದವರು ಅದನ್ನು ಮೇಲಿನ ರೂಟರಿನ ನೀಲಿ ತೂತಿಗೆ ಚುಚ್ಚಿ, ಎರಡಕ್ಕೂ ಒಂದೇ ವೈಫೈ ಹೆಸರು, ಒಂದೇ ಪಾಸ್‌ವರ್ಡ್ ಕೊಟ್ಟು ಹೋಗಿದ್ದರು. ಮನೆಯವರಿಗೆ ಅನುಕೂಲವಾಗಲಿ ಎಂದೇ ಮಾಡಿದ್ದು. ಇಂಟರ್ನೆಟ್ ಎರಡೂ ಕಡೆ ಬಂತು. ಮನೆಯಲ್ಲಿ ಎರಡು ನೆಟ್‌ವರ್ಕ್ ಇದೆ ಎಂಬುದು ಯಾರ ಕಣ್ಣಿಗೂ ಬೀಳಲು ಸಾಧ್ಯವೇ ಇರಲಿಲ್ಲ, ಯಾಕೆಂದರೆ ಹೆಸರು ಒಂದೇ!

ರೂಟರಿನಲ್ಲಿ ಬೇರೆ ಬಣ್ಣದ, ಹೆಚ್ಚಾಗಿ ನೀಲಿಯ, ಆ ತೂತಿಗೆ ವ್ಯಾನ್ ಪೋರ್ಟ್ ಅನ್ನುತ್ತಾರೆ. ಅದಕ್ಕೆ ಕೇಬಲ್ ಹಾಕಿದರೆ ರೂಟರ್ 'ಆ ಕಡೆ ಇರುವುದು ಹೊರಗಿನ ಜಗತ್ತು, ಈ ಕಡೆ ಇರುವುದು ನನ್ನ ಮನೆ' ಎಂದು ತಿಳಿಯುತ್ತದೆ. ನಡುವೆ ಗೋಡೆ ಎಬ್ಬಿಸುತ್ತದೆ. ಮೇಲಿನ ರೂಟರಿನ ಲೆಕ್ಕದಲ್ಲಿ ಕೆಳಗಿನ ಇಡೀ ಮನೆಯೇ ಹೊರಗಿನ ಜಗತ್ತಾಗಿತ್ತು.

ಹಳೆಯ ವಠಾರ ನೆನಪಿಸಿಕೊಳ್ಳಿ. ಅಂಗಳದಲ್ಲಿ ನಿಂತು "ಯಾರ ಮನೇಲಿ ಏಣಿ ಇದೆ?" ಎಂದು ಕೂಗಿದರೆ ವಠಾರದ ಎಲ್ಲ ಮನೆಗೂ ಕೇಳುತ್ತದೆ. ಇದ್ದವರು ಓಗೊಡುತ್ತಾರೆ. ಆದರೆ ಕಾಂಪೌಂಡಿನ ಆಚೆಯ ಇನ್ನೊಂದು ವಠಾರಕ್ಕೆ ಆ ಕೂಗು ಹೋಗುವುದಿಲ್ಲ. ಮನೆಯ ಯಂತ್ರಗಳೂ ಹೀಗೇ ಕೂಗುತ್ತವೆ. ವಿಂಡೋಸ್ ಕಂಪ್ಯೂಟರುಗಳು 239.255.255.250 ಎಂಬ ಗುಂಪು ವಿಳಾಸಕ್ಕೆ, 3702ನೇ ಪೋರ್ಟಿನಲ್ಲಿ (ಇದು ಕೇಬಲ್ ತೂತಲ್ಲ, ಯಾವ ಕೆಲಸದ ಮಾತು ಎಂದು ಗುರುತಿಸುವ ಸಂಖ್ಯೆ) ಕೂಗುತ್ತವೆ. ಮೊಬೈಲು, ಪ್ರಿಂಟರ್, ಟಿವಿಗಳು ಹೆಚ್ಚಾಗಿ 224.0.0.251ಕ್ಕೆ, 5353ನೇ ಪೋರ್ಟಿನಲ್ಲಿ ಕೂಗುತ್ತವೆ. ಈ ಕೂಗುಗಳನ್ನು ಮನೆಯ ರೂಟರ್ ಗೋಡೆ ದಾಟಿಸುವುದಿಲ್ಲ. ದಾಟಿಸಬಾರದು ಎಂದೇ ಅದರ ರಚನೆ.

ಇಷ್ಟು ಗೊತ್ತಾದ ಮೇಲೆ ಎಲ್ಲವೂ ಹೊಂದಿಕೊಂಡಿತು. ಲ್ಯಾಪ್‌ಟಾಪ್‌ನಿಂದ ಡೆಸ್ಕ್‌ಟಾಪ್‌ಗೆ ಪಿಂಗ್ ಹೋಗಿದ್ದು ಯಾಕೆ? ಮೇಲಿನ ರೂಟರ್ ಅದನ್ನು ಇಂಟರ್ನೆಟ್ಟಿಗೆ ಹೋಗುವ ಮಾತಿನ ಹಾಗೆಯೇ ತನ್ನ ಹೆಸರಿನಲ್ಲಿ ಹೊರಗೆ ಕಳಿಸಿತು. ಡೆಸ್ಕ್‌ಟಾಪ್ ಕಣ್ಣಿಗೆ ಅದು 192.168.1ರ ವಿಳಾಸ ಇರುವ ಮೇಲಿನ ರೂಟರೇ ಕೇಳಿದಂತೆ ಕಂಡಿತು. ತನ್ನದೇ ನೆಟ್‌ವರ್ಕ್‌ನವರು ಎಂದು ಉತ್ತರ ಕೊಟ್ಟಿತು. ವಾಪಸ್ ಡೆಸ್ಕ್‌ಟಾಪ್‌ನಿಂದ ಪಿಂಗ್ ಹೋಗದಿದ್ದುದು ಯಾಕೆ? 192.168.0.104 ಎಲ್ಲಿದೆ ಎಂದು ಕೆಳಗಿನ ಡಬ್ಬಿಗೆ ಗೊತ್ತೇ ಇಲ್ಲ. ಫೈರ್‌ವಾಲ್‌ಗೂ ಅದಕ್ಕೂ ಸಂಬಂಧವಿರಲಿಲ್ಲ.

ಅಕ್ಕನ ಮೊಬೈಲು? ಅಡುಗೆಮನೆಯಲ್ಲಿ ಕೆಳಗಿನ ಡಬ್ಬಿಗೆ ಸೇರುತ್ತಿತ್ತು. ಪ್ರಿಂಟರೂ ಅಲ್ಲೇ ಇತ್ತು, ಕಾಣುತ್ತಿತ್ತು. ಮಹಡಿ ಹತ್ತಿದ ಮೇಲೆ ಅದು ತಾನಾಗಿಯೇ ಮೇಲಿನ ರೂಟರಿಗೆ ಸೇರುತ್ತಿತ್ತು. ಪರದೆ ಮೇಲೆ ಅದೇ ವೈಫೈ ಹೆಸರು. ಆದರೆ ಅದು ಬೇರೆ ವಠಾರ. ಅಕ್ಕ ಹೇಳಿದ್ದು ಅಕ್ಷರಶಃ ನಿಜವಾಗಿತ್ತು.

ಖಾತ್ರಿಗೆ ಇನ್ನೊಂದು ಪರೀಕ್ಷೆ ಮಾಡಿದೆ. ಮೇಲಿನ ಲ್ಯಾಪ್‌ಟಾಪ್‌ನಲ್ಲಿ, ಇಂಟರ್ನೆಟ್‌ನಲ್ಲಿರುವ ಗೂಗಲ್‌ನ 8.8.8.8 ವಿಳಾಸಕ್ಕೆ 'ಟ್ರೇಸರ್ಟ್' ಕೊಟ್ಟೆ. ದಾರಿಯಲ್ಲಿ ಯಾವ ಯಾವ ರೂಟರ್ ಸಿಗುತ್ತದೆ ಎಂದು ಅದು ಸಾಲಾಗಿ ತೋರಿಸುತ್ತದೆ. ಮೊದಲ ಸಾಲಿನಲ್ಲಿ 192.168.0.1, ಎರಡನೆಯ ಸಾಲಿನಲ್ಲಿ 192.168.1.1. ಹೊರಗೆ ಹೋಗುವ ಮುಂಚೆ ಮನೆಯೊಳಗೇ ಎರಡು ಗೇಟು. ಮನೆ ರೂಟರ್ ಒಂದೇ ಎಂದುಕೊಂಡವರು ಇದೊಂದನ್ನು ಮಾಡಿ ನೋಡಬೇಕು. ಅರ್ಧ ನಿಮಿಷದ ಕೆಲಸ. ಈಗ ಫೈಬರ್ ಸಂಪರ್ಕದ ಜೊತೆ ವೈಫೈ ಡಬ್ಬಿ ಬಂದೇ ಬರುತ್ತದೆ, ಅದಕ್ಕೆ ಮುಂಚಿನ ಹಳೆ ರೂಟರ್ ಮನೆಯಲ್ಲಿ ಇದ್ದೇ ಇರುತ್ತದೆ. ಅದನ್ನು ಮೇಲಿನ ಮನೆಗೋ ಹಿಂದಿನ ಕೋಣೆಗೋ ಹಾಕುವುದು ಸಹಜ ಅಲ್ವಾ? ಹಾಗಾಗಿ ಇದು ಅಪರೂಪದ ತೊಂದರೆಯಲ್ಲ.

ಪ್ರಿಂಟರ್ 2.4 ಗಿಗಾಹರ್ಟ್ಸ್ ವೈಫೈನಲ್ಲಿದೆ, ಲ್ಯಾಪ್‌ಟಾಪ್ 5ರಲ್ಲಿದೆ, ಅದಕ್ಕೇ ಕಾಣುತ್ತಿಲ್ಲ ಎಂದು ಅಕ್ಕನಿಗೆ ಯಾರೋ ಹೇಳಿದ್ದರು. ಇದು ಸಾಮಾನ್ಯವಾಗಿ ಕಾರಣವಲ್ಲ. ಒಂದೇ ರೂಟರಿನ ಎರಡೂ ಬ್ಯಾಂಡುಗಳು ಒಂದೇ ನೆಟ್‌ವರ್ಕ್. ಗೆಸ್ಟ್ ವೈಫೈಗೆ ಸೇರಿಸಿದ್ದರೆ ಅಥವಾ ರೂಟರಿನಲ್ಲಿ, ವೈಫೈಗೆ ಸೇರಿದ ಯಂತ್ರಗಳು ಒಂದನ್ನೊಂದು ನೋಡದಂತೆ ತಡೆಯುವ 'ಎಪಿ ಐಸೊಲೇಷನ್' ಆನ್ ಇದ್ದರೆ ಆ ಮಾತು ಬೇರೆ. ಎರಡನ್ನೂ ನೋಡಿದೆ, ಇಲ್ಲಿ ಇರಲಿಲ್ಲ.

ಗೋಡೆ ತೆಗೆದದ್ದು

ಮೇಲಿನ ರೂಟರ್ ರೂಟರ್ ಆಗಿ ಇರಬೇಕಾಗಿರಲಿಲ್ಲ. ಸುಮ್ನೆ ವೈಫೈ ಕೊಟ್ಟರೆ ಸಾಕಿತ್ತು. ಹೊಸ ರೂಟರುಗಳಲ್ಲಿ 'ಆಕ್ಸೆಸ್ ಪಾಯಿಂಟ್ ಮೋಡ್' ಎಂಬ ಒಂದೇ ಗುಂಡಿ ಇರುತ್ತದೆ. ಇದು ಹಳೆಯದು, ಗುಂಡಿ ಇರಲಿಲ್ಲ. ಕೈಯಾರೆ ಮಾಡಬೇಕಾಯಿತು. ಇಲ್ಲಿ ಕ್ರಮ ಮುಖ್ಯ, ಅದಕ್ಕೆ ಬಿಡಿಸಿ ಹೇಳುತ್ತೇನೆ.

ಮೊದಲು ಕೆಳಗಿನ ಡಬ್ಬಿಯ ಪುಟಕ್ಕೆ ಹೋದೆ. ಪಾಸ್‌ವರ್ಡ್ ಡಬ್ಬಿಯ ಕೆಳಗಿನ ಚೀಟಿಯಲ್ಲಿತ್ತು. ಅದು ವಿಳಾಸ ಹಂಚುವುದು 192.168.1.2ರಿಂದ ಶುರುವಾಗುತ್ತಿತ್ತು. ಅದನ್ನು 192.168.1.10ರಿಂದ ಶುರುವಾಗುವಂತೆ ಮಾಡಿದೆ. ಹೀಗೆ 2 ಖಾಲಿಯಾಯಿತು. ಆಮೇಲೆ ಮೇಲೆ ಹೋಗಿ ಹಳೆ ರೂಟರಿನ ಪುಟ ತೆರೆದೆ. ಅದರ ಸ್ವಂತ ವಿಳಾಸವನ್ನು 192.168.1.2 ಎಂದು ಬದಲಾಯಿಸಲು ಹೊರಟರೆ ಅದು ಒಪ್ಪಲಿಲ್ಲ. ಅದರ ಎರಡೂ ಕಡೆ ಒಂದೇ ಬಗೆಯ ವಿಳಾಸ ಬರುತ್ತಿತ್ತಲ್ಲ, ಅದಕ್ಕೆ. ನೀಲಿ ತೂತಿನ ಕೇಬಲ್ ತೆಗೆದ ಮೇಲೆ ಒಪ್ಪಿತು. ಹೊಸ ವಿಳಾಸದಲ್ಲಿ ಮತ್ತೆ ಪುಟ ತೆರೆದು ಡಿಎಚ್‌ಸಿಪಿ ಆಫ್ ಮಾಡಿದೆ. ಡಿಎಚ್‌ಸಿಪಿ ಅಂದರೆ ಬಂದ ಯಂತ್ರಗಳಿಗೆ ವಿಳಾಸ ಹಂಚುವ ಕೆಲಸ. ಒಂದು ಮನೆಯಲ್ಲಿ ಅದನ್ನು ಒಬ್ಬರೇ ಮಾಡಬೇಕು.

ಆಫ್ ಮಾಡಿ ರೂಟರ್ ರೀಸ್ಟಾರ್ಟ್ ಆದ ಮೇಲೆ ಲ್ಯಾಪ್‌ಟಾಪ್ ವೈಫೈಗೆ ಸೇರಿತು, ಆದರೆ ವಿಳಾಸ 169.254ರಿಂದ ಶುರುವಾಗುವ ಏನೋ ಒಂದು ಬಂತು. ಅಕ್ಕನ ಮಗ ಗಾಬರಿಯಾದ. ಗಾಬರಿ ಬೇಡ. ವಿಳಾಸ ಕೊಡುವವರು ಯಾರೂ ಸಿಗದಿದ್ದಾಗ ವಿಂಡೋಸ್ ತಾನೇ ಇಟ್ಟುಕೊಳ್ಳುವ ವಿಳಾಸ ಅದು. ಈಗ ಕೆಳಗಿಂದ ಬಂದ ಕೇಬಲನ್ನು ನೀಲಿ ತೂತಿನ ಬದಲು ಪಕ್ಕದ ಹಳದಿ ಲ್ಯಾನ್ ತೂತುಗಳಲ್ಲಿ ಒಂದಕ್ಕೆ ಚುಚ್ಚಿದೆ. ವೈಫೈ ಆಫ್ ಮಾಡಿ ಆನ್ ಮಾಡಿದಾಗ ಲ್ಯಾಪ್‌ಟಾಪ್‌ಗೆ 192.168.1.34 ಸಿಕ್ಕಿತು. ಗೋಡೆ ಹೋಗಿತ್ತು.

ಅಕ್ಕ ಮೇಲಿನ ಕೋಣೆಯಲ್ಲಿ ನಿಂತು ಮೊಬೈಲಿಂದ ಪ್ರಿಂಟ್ ಕೊಟ್ಟಳು. ಕೆಳಗೆ ಪ್ರಿಂಟರ್ ಸದ್ದು ಮಾಡಿತು. ಅವಳ ಮುಖ ನೋಡಬೇಕಿತ್ತು.

ಲ್ಯಾಪ್‌ಟಾಪ್‌ನಲ್ಲಿ ಮಾತ್ರ ಇನ್ನೂ ಖಾಲಿ. ಇಲ್ಲೊಂದು ಸೂಕ್ಷ್ಮ ಇದೆ, ಬಹಳ ಜನ ಇಲ್ಲಿ ಕೈಚೆಲ್ಲುತ್ತಾರೆ. ವಿಂಡೋಸ್ ಒಂದು ನೆಟ್‌ವರ್ಕನ್ನು ಗುರುತಿಸುವುದು ಹೆಸರಿನಿಂದ ಮಾತ್ರವಲ್ಲ, ಅದರ ಗೇಟಿನಿಂದಲೂ. ಈಗ ಗೇಟು ಮೇಲಿನ ರೂಟರ್ ಅಲ್ಲ, ಕೆಳಗಿನ ಡಬ್ಬಿ. ಹಾಗಾಗಿ ಲ್ಯಾಪ್‌ಟಾಪ್ ಇದನ್ನು ಹೊಸ ನೆಟ್‌ವರ್ಕ್ ಎಂದು ತಿಳಿಯಿತು. ವೈಫೈ ಹೆಸರಿನ ಪಕ್ಕ '2' ಎಂದು ಸೇರಿಸಿ, ಮತ್ತೆ 'ಪಬ್ಲಿಕ್' ಎಂದು ಇಟ್ಟಿತ್ತು. ಮತ್ತೆ 'ಪ್ರೈವೇಟ್' ಮಾಡಿದೆ. ಪ್ರಿಂಟರ್ ಬಂತು, ಟಿವಿ ಬಂತು.

ಡೆಸ್ಕ್‌ಟಾಪ್ ಮಾತ್ರ ಬರಲಿಲ್ಲ

ಊಟ ಮುಗಿಸಿ ಬಂದು ನೋಡಿದರೂ ಡೆಸ್ಕ್‌ಟಾಪ್ ಇಲ್ಲ. ವಿಳಾಸ ಬರೆದರೆ ತೆರೆಯುತ್ತದೆ. ಡೆಸ್ಕ್‌ಟಾಪ್‌ನಿಂದ ನೋಡಿದರೆ ಲ್ಯಾಪ್‌ಟಾಪ್ ಕಾಣುತ್ತದೆ. ಅಂದರೆ ಡೆಸ್ಕ್‌ಟಾಪ್ ಕೇಳಿಸಿಕೊಳ್ಳುತ್ತದೆ, 'ನಾನಿದ್ದೇನೆ' ಎಂದು ಹೇಳುವುದಿಲ್ಲ.

ವಿಂಡೋಸ್‌ನಲ್ಲಿ ಈ ಎರಡು ಕೆಲಸಕ್ಕೆ ಎರಡು ಸೇವೆಗಳಿವೆ. ಬೇರೆಯವರನ್ನು ಹುಡುಕಲು ಫಂಕ್ಷನ್ ಡಿಸ್ಕವರಿ ಪ್ರೊವೈಡರ್ ಹೋಸ್ಟ್. ತನ್ನನ್ನು ತೋರಿಸಿಕೊಳ್ಳಲು ಫಂಕ್ಷನ್ ಡಿಸ್ಕವರಿ ರಿಸೋರ್ಸ್ ಪಬ್ಲಿಕೇಷನ್. ಡೆಸ್ಕ್‌ಟಾಪ್‌ನ ಸರ್ವಿಸಸ್ ಪಟ್ಟಿಯಲ್ಲಿ ಎರಡನೆಯದು 'ಡಿಸೇಬಲ್ಡ್' ಆಗಿತ್ತು. ಅದು ತಾನಾಗಿ ಹಾಗಾಗುವುದಿಲ್ಲ. ಎರಡು ವರ್ಷದ ಹಿಂದೆ ಕಂಪ್ಯೂಟರ್ ನಿಧಾನ ಎಂದು ವೇಗ ಹೆಚ್ಚಿಸುವ ಉಚಿತ ಪ್ರೋಗ್ರಾಮ್ ಒಂದನ್ನು ಹಾಕಿ ತೆಗೆದಿದ್ದರಂತೆ. ಬೇಡದ ಸೇವೆ ಎಂದು ಅದೇ ನಿಲ್ಲಿಸಿರಬೇಕು ಎಂಬುದು ನನ್ನ ಅನುಮಾನ. ಸೇವೆಯನ್ನು 'ಆಟೊಮ್ಯಾಟಿಕ್, ಡಿಲೇಡ್ ಸ್ಟಾರ್ಟ್' ಮಾಡಿ ಶುರು ಮಾಡಿದೆ. ಒಂದು ನಿಮಿಷದೊಳಗೆ ಲ್ಯಾಪ್‌ಟಾಪ್‌ನ ಪಟ್ಟಿಯಲ್ಲಿ ಡೆಸ್ಕ್‌ಟಾಪ್ ಮೂಡಿತು.

ಇನ್ನು ಬಾಗಿಲಿನ ವಿಚಾರ. ಪಾಸ್‌ವರ್ಡ್ ಇಲ್ಲದ ಹಂಚಿಕೆಯನ್ನು ನಾನು ಹಾಗೇ ಇರಲು ಬಿಡಲಿಲ್ಲ. ಲೇಖಕರ ಅಪ್ರಕಟಿತ ಹಸ್ತಪ್ರತಿಗಳು ಅಲ್ಲಿವೆ. ವಿಂಡೋಸ್ 11 ಪ್ರೊ ಕೂಡ 24ಎಚ್2 ಆವೃತ್ತಿಯಿಂದ ಹಾಗೆ ಅತಿಥಿಯಾಗಿ ಒಳಗೆ ಹೋಗುವುದನ್ನು ತಾನಾಗಿ ಒಪ್ಪುವುದಿಲ್ಲ. ಪಾಸ್‌ವರ್ಡ್ ಮತ್ತೆ ಆನ್ ಮಾಡಿದಾಗ ಅಕ್ಕ ಡೆಸ್ಕ್‌ಟಾಪ್‌ನ ನಾಲ್ಕು ಅಂಕಿಯ ಪಿನ್ ಹಾಕಿದಳು, ಅದು ನಡೆಯಲಿಲ್ಲ. ನಡೆಯುವುದಿಲ್ಲ. ಪಿನ್ ಆ ಯಂತ್ರದ ಮುಂದೆ ಕೂತವರಿಗೆ ಮಾತ್ರ. ನೆಟ್‌ವರ್ಕ್ ಮೂಲಕ ಬರುವವರು ಖಾತೆಯ ಪೂರ್ತಿ ಪಾಸ್‌ವರ್ಡ್ ಕೊಡಬೇಕು. ಅಕ್ಕನಿಗೆ ಅದು ನೆನಪಿರಲಿಲ್ಲ. ಡೆಸ್ಕ್‌ಟಾಪ್‌ನಲ್ಲಿ ಹಂಚಿಕೆಗೆಂದೇ ಒಂದು ಲೋಕಲ್ ಖಾತೆ ಮಾಡಿ, ಪುಸ್ತಕಗಳ ಫೋಲ್ಡರಿಗೆ ಮಾತ್ರ ಅನುಮತಿ ಕೊಟ್ಟೆ. ಲ್ಯಾಪ್‌ಟಾಪ್‌ನಲ್ಲಿ ಒಂದು ಸಲ ಹೆಸರು, ಪಾಸ್‌ವರ್ಡ್ ಹಾಕಿ 'ನೆನಪಿಟ್ಟುಕೋ' ಎಂದು ಗುರುತು ಮಾಡಿದೆ.

ತನ್ನ ಆಫೀಸ್ ಲ್ಯಾಪ್‌ಟಾಪ್‌ಗೂ ಪ್ರಿಂಟರ್ ಸಿಗುತ್ತಿರಲಿಲ್ಲ ಎಂದು ಅಕ್ಕನ ಮಗ ಹೇಳಿದ. ಅದು ಬೇರೆ ಕಥೆ. ಮನೆಯಿಂದಲೇ ಆಫೀಸಿನ ನೆಟ್‌ವರ್ಕ್‌ಗೆ ಸೇರಿಸುವ ವಿಪಿಎನ್ ಆನ್ ಇದ್ದಾಗ ಅವನ ಲ್ಯಾಪ್‌ಟಾಪ್ ಮನೆಯ ನೆಟ್‌ವರ್ಕನ್ನೇ ನೋಡುತ್ತಿರಲಿಲ್ಲ. ವಿಪಿಎನ್ ಬಿಟ್ಟರೆ ಸಿಗುತ್ತಿತ್ತು. ಅದು ಅವನ ಆಫೀಸಿನವರ ನಿಯಮ, ಮುಟ್ಟಲು ಹೋಗಲಿಲ್ಲ.

ಒಂದು ವಾರದ ನಂತರ

ಮುಂದಿನ ವಾರ ಅಕ್ಕ ಫೋನ್ ಮಾಡಿದಳು. "ಕರೆಂಟ್ ಹೋಗಿ ಬಂತು. ಶಾರ್ಟ್‌ಕಟ್ ತೆಗೆಯಲ್ಲ ಅಂತಿದೆ."

ಪರದೆಯಲ್ಲಿ ಬಂದ ಸಂಕೇತದ ಕೊನೆಯ ಅಂಕಿಗಳನ್ನು ಓದಿಸಿದೆ. 80070035. ಆ ದಾರಿಯಲ್ಲಿ ಯಾರೂ ಸಿಗಲಿಲ್ಲ ಎಂದರ್ಥ. ನೆಟ್‌ವರ್ಕ್ ಪಟ್ಟಿಯಲ್ಲಿ ಡೆಸ್ಕ್‌ಟಾಪ್ ಕಾಣುತ್ತಿದೆಯಾ ಎಂದು ಕೇಳಿದೆ. ಕಾಣುತ್ತಿದೆ, ಅಲ್ಲಿಂದ ತೆಗೆದರೆ ತೆರೆಯುತ್ತದೆ ಎಂದಳು. ಅಲ್ಲಿಗೆ ಗೊತ್ತಾಯಿತು. ಕರೆಂಟ್ ಹೋಗಿ ಬಂದಾಗ ಕೆಳಗಿನ ಡಬ್ಬಿ ಯಾರಿಗೆ ಯಾವ ವಿಳಾಸ ಕೊಟ್ಟಿದ್ದೆ ಎಂಬುದನ್ನು ಮರೆತಿತ್ತು. ಡೆಸ್ಕ್‌ಟಾಪ್‌ಗೆ ಈ ಸಲ 20ರ ಬದಲು 12 ಸಿಕ್ಕಿತ್ತು. ಮಗ ಮೊದಲ ದಿನ ಮಾಡಿದ ಶಾರ್ಟ್‌ಕಟ್ ಮಾತ್ರ ಇನ್ನೂ 20ರ ಬಾಗಿಲು ತಟ್ಟುತ್ತಿತ್ತು. ಈ ಸಲ ಡೆಸ್ಕ್‌ಟಾಪ್ ಕಾಣುತ್ತಿತ್ತು, ಹಳೆ ವಿಳಾಸದಿಂದ ಮಾತ್ರ ತಲುಪಲು ಆಗುತ್ತಿರಲಿಲ್ಲ.

ಅದಕ್ಕೆ ಎರಡು ಪರಿಹಾರ ಮಾಡಿಸಿದೆ. ಶಾರ್ಟ್‌ಕಟ್ಟನ್ನು ಅಂಕಿಯ ಬದಲು ಕಂಪ್ಯೂಟರಿನ ಹೆಸರಿಗೆ ಮಾಡಿದೆವು. ಕೆಳಗಿನ ಡಬ್ಬಿಯಲ್ಲಿ ಡೆಸ್ಕ್‌ಟಾಪ್‌ಗೆ ಮತ್ತು ಪ್ರಿಂಟರಿಗೆ ವಿಳಾಸ ಕಾಯ್ದಿರಿಸಿದೆವು. ಇನ್ನು ಮೇಲೆ ಎಷ್ಟು ಸಲ ಕರೆಂಟ್ ಹೋಗಿ ಬಂದರೂ ಅವಕ್ಕೆ ಅದೇ ಅಂಕಿ.

ನನಗೆ ಉಳಿದಿದ್ದ ಚಿಂತೆ ಒಂದೇ. ಮುಂದೆ ಯಾರಾದರೂ ಬಂದು 'ಅಯ್ಯೋ, ಕೇಬಲ್ ತಪ್ಪು ತೂತಿನಲ್ಲಿದೆ' ಎಂದು ಮತ್ತೆ ನೀಲಿಗೆ ಚುಚ್ಚಿದರೆ ಇಡೀ ಕಥೆ ಮೊದಲಿಂದ ಶುರು. ಅಕ್ಕ ಅದಕ್ಕೂ ದಾರಿ ಕಂಡುಕೊಂಡಳು. ಮದುವೆ ಕರೆಯೋಲೆಗೆ ಬಳಸುವ ದಪ್ಪ ಕಾಗದದಲ್ಲಿ, ದೊಡ್ಡ ಅಕ್ಷರದಲ್ಲಿ, 'ನೀಲಿ ತೂತಿಗೆ ಕೇಬಲ್ ಹಾಕಬೇಡಿ. ಇದು ಬರೀ ವೈಫೈಗೆ. ವಿಳಾಸ 192.168.1.2' ಎಂದು ಟೈಪ್ ಮಾಡಿದಳು. ಮಹಡಿಯಿಂದಲೇ ಪ್ರಿಂಟ್ ಕೊಟ್ಟು, ಮಗನಿಂದ ತರಿಸಿ, ರೂಟರಿನ ನೆತ್ತಿಗೆ ಅಂಟಿಸಿದಳು. ಎರಡು ತಿಂಗಳ ಮೇಲೆ ಫೈಬರ್ ತುಂಡಾಗಿ ರಿಪೇರಿಯವರು ಬಂದರು. ಚೀಟಿ ಓದಿದರಂತೆ, ಕೇಬಲ್ ಮುಟ್ಟಲಿಲ್ಲವಂತೆ.